ಮೊದಲ ಗಿರಾಕಿ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ನಾಲ್ಕು ಮಾತು ಬರೆದುಕೊಡಬೇಕೆಂದು ಮಾನ್ಯ ಮುಖ್ಯಾಧ್ಯಾಪಕರ ಪತ್ರ ಬಂದಾಗ ನನಗೆ ಸಂತೋಷಕ್ಕಿಂತ ಸಂಕೋಚವೇ ಹೆಚ್ಚಾಯಿತು. ಇಂಥ ಸಂಚಿಕೆಗಳಲ್ಲಿ ಬರೆಯುವವರು ವಿದ್ವಾಂಸರು, ಅಧ್ಯಾಪಕರು, ದೊಡ್ಡ ಹುದ್ದೆಗಳನ್ನು ಅಲಂಕರಿಸಿ ಶಾಲೆಗೆ ಕೀರ್ತಿ ತಂದವರು. ನಾನಾದರೋ ಗದಗಿನ ಪೇಟೆಯಲ್ಲಿ ನಲವತ್ತು ವರ್ಷ ಅಂಗಡಿಗಳ ಬೋರ್ಡು, ಡಬ್ಬಿಗಳ ಲೇಬಲ್ಲು, ಲಗ್ನಪತ್ರಿಕೆಗಳ ವಿನ್ಯಾಸ ಮಾಡಿ ಹೊಟ್ಟೆ ಹೊರೆದವನು. ಬರೆಯಲಾರೆನೆಂದು ವಿನಯಪೂರ್ವಕವಾಗಿ ಉತ್ತರಿಸೋಣವೆಂದು ಕಾಗದ ತೆಗೆದುಕೊಂಡಿದ್ದೆನು. ಅಷ್ಟರಲ್ಲಿ ಒಬ್ಬ ತರುಣನು ನನ್ನನ್ನು ಹುಡುಕಿಕೊಂಡು ಬಂದನು.

ಅವನೂ ನಮ್ಮ ಶಾಲೆಯಲ್ಲಿಯೇ ಓದಿದವನು. ನಾನುಂಡ ಪ್ರಸಾದ ನಿಲಯದಲ್ಲಿಯೇ ಉಂಡು ಬೆಳೆದವನು. ಸಾಲ ಮಾಡಿ ಒಂದು ಗಣಕಯಂತ್ರ ಕೊಂಡು ಬಸ್ ನಿಲ್ದಾಣದ ಹತ್ತಿರ ಡಿಸೈನ್ ಅಂಗಡಿ ತೆರೆದಿದ್ದನು. ಕುಳಿತವನು ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ, "ಕಾಕಾರ, ಅಂಗಡಿ ತೆರದು ಎರಡು ತಿಂಗಳಾತ್ರಿ. ಕೆಲಸ ಬರ್ತೈತಿ ನನಗ, ಆದರ ಮಂದಿ ಬರವಲ್ಲರು. ನಿಮಗ ಮೊದಲನೇ ಗಿರಾಕಿ ಹೆಂಗ ಸಿಕ್ಕರ್ರಿ?" ಎಂದು ಕೇಳಿದನು. ಮಾತು ಸಣ್ಣದು. ಆದರೆ ಅವನ ಕಣ್ಣಿನಲ್ಲಿದ್ದ ಅಂಜಿಕೆಯನ್ನು ನಾನು ಬಲ್ಲೆನು. ಅದು ಒಂದು ಕಾಲಕ್ಕೆ ನನ್ನದೇ ಆಗಿತ್ತು. ಆ ಹೊತ್ತಿಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಚಹ ಕುಡಿಸಿ ಕಳುಹಿಸಿದೆನು. ಆ ಉತ್ತರವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಂತ ದುಡಿಮೆಯ ದಾರಿ ಹಿಡಿಯಬೇಕೆಂದಿರುವ ಇಂದಿನ ವಿದ್ಯಾರ್ಥಿಗಳಿಗೂ ಇದರಿಂದ ಅಲ್ಪಸ್ವಲ್ಪ ಪ್ರಯೋಜನವಾದರೆ ನಾನು ಧನ್ಯ.

ನನ್ನ ಕಸಬಿನ ಮೊದಲ ಪಾಠ ನಡೆದದ್ದು ಶಾಲೆಯ ಸೂಚನಾ ಫಲಕದ ಮುಂದೆ. ಪ್ರತಿದಿನ ಅದರ ಮೇಲೆ ಒಂದು ಸುಭಾಷಿತವನ್ನು ಬಣ್ಣದ ಸೀಮೆಸುಣ್ಣದಿಂದ ಬರೆಯುವ ಕೆಲಸವನ್ನು ಚಿತ್ರಕಲೆಯ ಮಾಸ್ತರರು ನನಗೆ ವಹಿಸಿದ್ದರು. ನಾನು ಅಕ್ಷರಗಳಿಗೆ ಬಳ್ಳಿ, ಹೂವು, ನೆರಳು ಎಲ್ಲವನ್ನೂ ಹಚ್ಚಿ, ಹಲಗೆಯ ಮುಂದೆ ನಿಂತು ನನ್ನ ಕೈಚಳಕವನ್ನು ನಾನೇ ಮೆಚ್ಚಿಕೊಳ್ಳುತ್ತಿದ್ದೆನು. ಒಂದು ದಿನ ಮಾಸ್ತರರು ಕಿವಿ ಹಿಡಿದು ಶಾಲೆಯ ಹೆಬ್ಬಾಗಿಲವರೆಗೆ ಕರೆದುಕೊಂಡು ಹೋಗಿ, "ಈಗ ಓದು" ಎಂದರು. ಅಲ್ಲಿಂದ ಒಂದಕ್ಷರವೂ ತಿಳಿಯಲಿಲ್ಲ. "ಬರದವ ಹಲಗಿ ಮುಂದ ನಿಂದ್ರಬಾರದೋ, ಓದಾವ ಎಲ್ಲಿ ನಿಂತಿರ್ತಾನ ಅಲ್ಲಿ ನಿಂದ್ರಬೇಕು" ಎಂದು ಹೇಳಿ ಒಳಗೆ ಹೋದರು. ಅಂದು ಅದು ಬರಿಯ ಬೈಗುಳವೆನಿಸಿತ್ತು. ಅದರ ಅರ್ಥ ತಿಳಿಯಲು ನಾನು ಹತ್ತು ವರ್ಷ ಅಲೆಯಬೇಕಾಯಿತು.

ಶಾಲೆ ಮುಗಿದ ಬಳಿಕ ಟಿ. ಪಿ. ಅಕ್ಕಿಯವರು ಗದಗಿನಲ್ಲಿ ಕಟ್ಟಿದ ವಿಜಯ ಕಲಾ ಮಂದಿರದಲ್ಲಿ ಚಿತ್ರಕಲೆ ಕಲಿತೆನು. ಡ್ರಾಯಿಂಗ್ ಪರೀಕ್ಷೆಗಳನ್ನು ಮುಗಿಸಿ ಎಲ್ಲಿಯಾದರೂ ಮಾಸ್ತರಿಕೆ ಹಿಡಿಯಲಿ ಎಂಬುದು ಮನೆಯವರ ಆಸೆ. ತಂದೆ ಇರಲಿಲ್ಲ. ಮದುವೆಗೆ ಬಂದ ತಂಗಿಯಿದ್ದಳು. ತಿಂಗಳ ಸಂಬಳವೆಂದರೆ ಆ ಮನೆಗೆ ಛಾವಣಿ ಇದ್ದಂತೆ. ಒಂದು ಹಳ್ಳಿಯ ಶಾಲೆಯಲ್ಲಿ ಹಂಗಾಮಿ ಹುದ್ದೆ ಸಿಕ್ಕಿಯೂ ಇತ್ತು. ನಾನು ಹೋಗಲಿಲ್ಲ. ಹುಬ್ಬಳ್ಳಿಯಲ್ಲಿ ಕಂಡ ಒಂದು ಕಮರ್ಶಿಯಲ್ ಆರ್ಟ್ ಸ್ಟುಡಿಯೋ ನನ್ನ ತಲೆ ಕೆಡಿಸಿತ್ತು. ಅವ್ವ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಕೊರಳಿನ ಬೋರಮಾಳ ತೆಗೆದು ನನ್ನ ಕೈಯಲ್ಲಿಟ್ಟು, "ಒತ್ತಿ ಇಡು, ಮಾರಬ್ಯಾಡ" ಎಂದಳು.

1983ನೆಯ ಇಸವಿಯ ಬಸವ ಜಯಂತಿಯ ದಿವಸ ಮುಳಗುಂದ ನಾಕೆಯ ಹತ್ತಿರ ಆರು ಅಡಿ ಅಗಲ, ಹತ್ತು ಅಡಿ ಉದ್ದದ ಒಂದು ಕೋಣೆಯಲ್ಲಿ ನನ್ನ ಅಂಗಡಿ ಪ್ರಾರಂಭವಾಯಿತು. ತಿಂಗಳಿಗೆ ಅರವತ್ತು ರೂಪಾಯಿ ಬಾಡಿಗೆ. ಮೇಜು, ಎರಡು ಕುರ್ಚಿ, ಬಣ್ಣ, ಕುಂಚ, ಮಸಿಯ ಪೆನ್ನು. ಗೋಡೆಗೆ ನಾನೇ ಬರೆದ ಭೂದೃಶ್ಯಗಳು. ಬಾಗಿಲ ಮೇಲೆ ಅವ್ವನ ಹೆಸರಿನ ಮುಂದೆ 'ಆರ್ಟ್ಸ್' ಎಂದು ಸೇರಿಸಿ, ಕೆಳಗೆ 'ಎಲ್ಲ ಬಗೆಯ ಡಿಸೈನುಗಳನ್ನು ಮಾಡಿಕೊಡಲಾಗುವುದು' ಎಂಬ ಬೋರ್ಡು. ಇಷ್ಟು ಸಿದ್ಧಪಡಿಸಿ, ಬಿಳಿಯ ಅಂಗಿ ತೊಟ್ಟು, ಗಿರಾಕಿಯ ದಾರಿ ಕಾಯುತ್ತ ಕುಳಿತೆನು.

ಮೊದಲ ದಿನ ಬಂದವನು ಫೋಟೋ ತೆಗೆಯುತ್ತೀರಾ ಎಂದು ಕೇಳಿದನು. ಮರುದಿನ ಬಂದವನಿಗೆ ರಬ್ಬರ್ ಸ್ಟ್ಯಾಂಪು ಬೇಕಾಗಿತ್ತು. ಮೂರನೆಯವರು ಬೆಟಗೇರಿಯ ಒಬ್ಬ ನೇಕಾರರು. 'ಡಿಸೈನು' ಎಂದು ಓದಿ, ಸೀರೆಯ ಅಂಚಿನ ನಕ್ಷೆ ತೆಗೆದುಕೊಡುವಿರೇನು ಎಂದು ಬಹು ಆಸೆಯಿಂದ ವಿಚಾರಿಸಿದರು. ನನಗೆ ಆ ವಿದ್ಯೆ ಬರುತ್ತಿರಲಿಲ್ಲ. ನಾಲ್ಕನೆಯವರು ಬರಲೇ ಇಲ್ಲ. ಕೈಯಲ್ಲಿದ್ದ ಹಣದಲ್ಲಿ ಐನೂರು ಕರಪತ್ರ ಮುದ್ರಿಸಿ ಪೇಟೆಯಲ್ಲೆಲ್ಲ ಹಂಚಿದೆನು. ಸಂಜೆ ಅದೇ ಕರಪತ್ರದಲ್ಲಿ ಮಿರ್ಚಿ ಭಜಿ ಕಟ್ಟಿಕೊಡುವುದನ್ನು ಕಣ್ಣಾರೆ ಕಂಡೆನು. ಹೀಗೆ ಎರಡು ತಿಂಗಳು ಕಳೆದವು. ಬೆಳಿಗ್ಗೆ ಬಾಗಿಲು ತೆರೆಯುವಾಗಿನ ಉತ್ಸಾಹ ಮಧ್ಯಾಹ್ನಕ್ಕೆ ಬಾಡಿ, ಸಂಜೆ ಬಾಗಿಲು ಹಾಕುವಾಗ ನೆರೆಯ ಅಂಗಡಿಯವರ ಮುಖ ನೋಡಲು ನಾಚಿಕೆಯಾಗುತ್ತಿತ್ತು.

ಆ ಕಾಲದ ಮುದ್ರಣದ ರೀತಿಯನ್ನು ಇಂದಿನ ಮಕ್ಕಳಿಗೆ ಎರಡು ಮಾತಿನಲ್ಲಿ ಹೇಳಬೇಕು. ಸೀಸದ ಅಚ್ಚಿನ ಮೊಳೆಗಳನ್ನು ಒಂದೊಂದಾಗಿ ಕೈಯಿಂದ ಜೋಡಿಸಿ ಟ್ರೆಡಲ್ ಯಂತ್ರದ ಮೇಲೆ ಮುದ್ರಿಸುವುದು ವಾಡಿಕೆ. ಲಗ್ನಪತ್ರಿಕೆಯಾಗಲಿ, ಪಾವತಿ ಪುಸ್ತಕವಾಗಲಿ, ಮೊಳೆ ಜೋಡಿಸುವವನೇ ತನ್ನ ಬಳಿಯಿದ್ದ ಬಳ್ಳಿಯ ಅಂಚುಗಳನ್ನು ಸುತ್ತಲೂ ಕೂಡ್ರಿಸಿ ಅಂದಗೊಳಿಸುತ್ತಿದ್ದನು. ಚಿತ್ರ ಬೇಕಾದರೆ ಸತುವಿನ ತಗಡಿನ ಮೇಲೆ ಬ್ಲಾಕು ಮಾಡಿಸಬೇಕು. ಬಹುವರ್ಣದ ಲೇಬಲ್ಲು, ಕ್ಯಾಲೆಂಡರುಗಳು ತಮಿಳುನಾಡಿನ ಶಿವಕಾಶಿಯಿಂದ ಏಜೆಂಟರ ಮೂಲಕ ಬರುತ್ತಿದ್ದವು. ವಿನ್ಯಾಸವೆಂಬುದು ಮುದ್ರಣದ ಜೊತೆಗೆ ಪುಕ್ಕಟೆ ಸಿಗುವ ವಸ್ತು. ಅದಕ್ಕೆ ಬೇರೆ ಅಂಗಡಿ, ಬೇರೆ ಹಣವೆಂದರೆ ಜನಕ್ಕೆ ಹೇಗೆ ತಿಳಿಯಬೇಕು? ಒಬ್ಬ ಹಿರಿಯ ಮುದ್ರಕರು ನನ್ನ ಮೇಲಿನ ಕನಿಕರದಿಂದಲೇ ಹೇಳಿದರು: "ತಮ್ಮಾ, ನಮ್ಮ ಊರಾಗ ಕಾಗದಕ್ಕ ರೊಕ್ಕ ಕೊಡತಾರ, ಮಸಿಗೆ ಕೊಡತಾರ. ವಿಚಾರಕ್ಕ ಯಾರೂ ಕೊಡೂದಿಲ್ಲ. ಮಾಸ್ತರಕಿ ಸಿಕ್ಕರ ಹೋಗು."

ಹೋಗುತ್ತಿದ್ದೆನೇನೋ. ಆದರೆ ಆ ಹಂಗಾಮಿ ಜಾಗ ಅಷ್ಟರಲ್ಲಿ ಬೇರೊಬ್ಬರ ಪಾಲಾಗಿತ್ತು. ಮಾಡಲು ಬೇರೆ ಏನೂ ಉಳಿಯದಿದ್ದುದರಿಂದ ಮಧ್ಯಾಹ್ನ ಅಂಗಡಿ ಮುಚ್ಚಿ ಪೇಟೆಯಲ್ಲಿ ತಿರುಗಾಡತೊಡಗಿದೆನು. ಕೈಯಲ್ಲಿ ಒಂದು ನೂರು ಪುಟದ ನೋಟ್‌ಬುಕ್. ಕಿರಾಣಿ ಅಂಗಡಿಗಳ ಕಟ್ಟೆಯ ಮೇಲೆ ಕುಳಿತು, ಯಾವ ವಸ್ತು ಯಾವ ಪೊಟ್ಟಣದಲ್ಲಿ ಬರುತ್ತದೆ, ಕೊಳ್ಳುವವರು ಏನೆಂದು ಹೆಸರಿಟ್ಟು ಕೇಳುತ್ತಾರೆ ಎಂಬುದನ್ನು ಬರೆದುಕೊಳ್ಳುವುದು ನಿತ್ಯದ ಅಭ್ಯಾಸವಾಯಿತು. ಕೆಲವೇ ದಿನಗಳಲ್ಲಿ ಒಂದು ಸಂಗತಿ ಕಣ್ಣಿಗೆ ಬಿದ್ದಿತು. ಹಳ್ಳಿಯಿಂದ ಬಂದ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನ ವಸ್ತುವಿನ ಹೆಸರನ್ನೇ ಹೇಳುತ್ತಿರಲಿಲ್ಲ. "ಆ ನವಿಲಿಂದು ಕೊಡ್ರಿ", "ಕೆಂಪನ್ನ ಕಾಗದದ್ದು", "ಆನಿ ಚಿತ್ರದ ಕಡ್ಡಿಪೆಟ್ಟಿಗಿ" ಎನ್ನುತ್ತಿದ್ದರು. ಓದಲು ಬಾರದವರು ಚಿತ್ರವನ್ನೂ ಬಣ್ಣವನ್ನೂ ಓದುತ್ತಿದ್ದರು.

ಇದು ಹೊಸ ಮಾತೇನಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಮ್ಯಾಂಚೆಸ್ಟರಿನ ವ್ಯಾಪಾರಿಗಳು ಹಿಂದುಸ್ತಾನಕ್ಕೆ ಕಳುಹಿಸುವ ಬಟ್ಟೆಯ ಥಾನುಗಳ ಮೇಲೆ ದೇವತೆಗಳ, ಆನೆ ಹುಲಿಗಳ ಬಣ್ಣದ ಚೀಟಿಗಳನ್ನು ಅಂಟಿಸುತ್ತಿದ್ದರು. ನಮ್ಮವರು ಚೀಟಿಯ ಗುರುತಿನಿಂದಲೇ ಬಟ್ಟೆ ಕೊಳ್ಳುತ್ತಿದ್ದರು. ಅಷ್ಟು ದೂರದ ಪರಕೀಯ ವ್ಯಾಪಾರಿಗೆ ತಿಳಿದ ಮಾತು, ಅದೇ ಪೇಟೆಯಲ್ಲಿ ಹುಟ್ಟಿ ಬೆಳೆದ ನನಗೆ ತಿಳಿದಿರಲಿಲ್ಲ. ನಾನು ಇನ್ನೂ ಹಲಗೆಯ ಮುಂದೆಯೇ ನಿಂತಿದ್ದೆನು.

ಇನ್ನು ನನ್ನ ಮೊದಲ ಗಿರಾಕಿಯ ಮಾತು. ಸ್ಟೇಶನ್ ರಸ್ತೆಯ ಓಣಿಯೊಂದರಲ್ಲಿ ಒಬ್ಬ ವೃದ್ಧೆ ಖಾನಾವಳಿ ನಡೆಸುತ್ತಿದ್ದಳು. ಎಲ್ಲರೂ ಆಕೆಯನ್ನು ಆಯಿ ಎಂದು ಕರೆಯುತ್ತಿದ್ದರು. ನಾನು ಅಲ್ಲಿ ಒಂದು ಹೊತ್ತು ಉದ್ರಿ ಊಟ ಮಾಡುತ್ತಿದ್ದೆನು. ಬಾಕಿ ನಲವತ್ತಾರು ರೂಪಾಯಿಗೆ ಏರಿತ್ತು. ಆಯಿಯ ಶೇಂಗಾ, ಗುರೆಳ್ಳು, ಅಗಸಿ ಚಟ್ನಿಪುಡಿಗಳನ್ನು ಮುಂಬಯಿ, ಪುಣೆಗಳಿಗೆ ಹೋಗುವ ಪ್ರವಾಸಿಗಳು ಕಟ್ಟಿಸಿಕೊಂಡು ಒಯ್ಯುತ್ತಿದ್ದರು. ಹಳೆಯ ವೃತ್ತಪತ್ರಿಕೆಯ ಪೊಟ್ಟಣಗಳು. ಎಣ್ಣೆ ಹೊರಗೆ ಒಸರಿ, ಯಾವುದು ಯಾವ ಪುಡಿಯೆಂದು ಊರು ಮುಟ್ಟಿದ ಮೇಲೆ ಬಿಚ್ಚಿಯೇ ನೋಡಬೇಕು. ಅವರ ಚೀಲದೊಳಗಿನ ಬಟ್ಟೆಗಳೂ ಎಣ್ಣೆಯಾಗುತ್ತಿದ್ದವು. ನಾನು ಒಂದು ದಿನ ಸಂಕೋಚದಿಂದಲೇ, "ಆಯಿ, ನಿಮ್ಮ ಪುಡಿಗೆ ಚಲೋ ಲೇಬಲ್ ಮಾಡಿಕೊಡ್ತೀನ್ರಿ. ರೊಕ್ಕ ಏನೂ ಬ್ಯಾಡ, ನನ್ನ ಬಾಕಿ ಹರೀಲಿ" ಎಂದೆನು.

ಆಯಿ ಬಡಿಯುತ್ತಿದ್ದ ರೊಟ್ಟಿಯಿಂದ ತಲೆಯೆತ್ತಲಿಲ್ಲ. "ಯಪ್ಪಾ, ನನಗ ಓದಾಕ ಬರಂಗಿಲ್ಲ. ನಾ ಓದಲಾರದ ಚೀಟಿ ಹಚ್ಚಿ ನಾ ಹೆಂಗ ಮಾರಲಿ? ಶೇಂಗಾದ್ದು ಕೇಳಿದವರಿಗೆ ಅಗಸೀದು ಕೊಟ್ಟರ ಮಾತು ಬರೂದು ನನಗ" ಎಂದಳು. ಎರಡು ತಿಂಗಳಲ್ಲಿ ನನ್ನ ಕಸಬಿನ ಬಗ್ಗೆ ಯಾರಾದರೂ ಕೇಳಿದ ಮೊದಲ ಸರಿಯಾದ ಪ್ರಶ್ನೆ ಅದು.

ಆ ರಾತ್ರಿಯೇ ಕೆಲಸಕ್ಕೆ ಕುಳಿತೆನು. ಮೊದಲು ಬರೆದದ್ದರಲ್ಲಿ ಒಲೆ, ರೊಟ್ಟಿ, ನಗುವ ಗೃಹಿಣಿ ಎಲ್ಲವೂ ಇದ್ದವು. ಮುಂಜಾನೆ ತೋರಿಸಿದರೆ ಆಯಿ, "ಚಂದೈತಿ, ಆದರ ಇದು ಯಾವ ಪುಡಿ?" ಎಂದು ಕೇಳಿದಳು. ಎಲ್ಲವನ್ನೂ ಅಳಿಸಿಹಾಕಿದೆನು. ಎರಡನೆಯ ಸಲ ಶೇಂಗಾಕ್ಕೆ ಒಂದು ಕಾಯಿ ಕೆಂಪು ಬಣ್ಣದಲ್ಲಿ, ಗುರೆಳ್ಳಿಗೆ ಅದರ ಹಳದಿಯ ಹೂವು, ಅಗಸಿಗೆ ಅದರ ನೀಲಿಯ ಹೂವು. ಒಂದು ಚೀಟಿಗೆ ಒಂದೇ ಬಣ್ಣ, ಒಂದೇ ಚಿತ್ರ, ಕೆಳಗೆ ದಪ್ಪ ಅಕ್ಷರ. ಆ ಹೂವುಗಳನ್ನು ಹೊಲದಲ್ಲಿ ಕಂಡವರಿಗೆ ಅಕ್ಷರದ ಹಂಗಿಲ್ಲ. ಮೂರನ್ನೂ ಕಲಸಿ ಮುಂದಿಟ್ಟೆನು. ಆಯಿ ಒಂದೊಂದನ್ನೇ ಎತ್ತಿ, ಆಯಾ ಡಬ್ಬಿಯ ಮುಂದೆ ತಪ್ಪದೆ ಇಟ್ಟಳು. ನನಗೆ ಯಾವ ಪರೀಕ್ಷೆಯಲ್ಲಿ ತೇರ್ಗಡೆಯಾದಾಗಲೂ ಅಷ್ಟು ಸಂತೋಷವಾಗಿರಲಿಲ್ಲ.

ಆದರೆ ಚಿತ್ರ ಬರೆದರೆ ಲೇಬಲ್ ಆಗುವುದಿಲ್ಲ. ಪೊಟ್ಟಣದಲ್ಲಿ ಕಟ್ಟಿದ ವಸ್ತುವಿನ ಮೇಲೆ ತಯಾರಿಸಿದವರ ಹೆಸರು, ವಿಳಾಸ, ನಿವ್ವಳ ತೂಕ, ತಿಂಗಳು, ಬೆಲೆ ಇವುಗಳನ್ನು ನಮೂದಿಸಬೇಕೆಂದು 1977ರ ನಿಯಮಗಳು ವಿಧಿಸಿದ್ದವು. ತೂಕ ಮತ್ತು ಅಳತೆ ಇಲಾಖೆಯ ಕಚೇರಿಗೆ ಹೋಗಿ, ಬಾಗಿಲಲ್ಲಿ ಅರ್ಧ ದಿನ ನಿಂತು, ಅವನ್ನೆಲ್ಲ ಬರೆದುಕೊಂಡು ಬಂದೆನು. ಪಾಲಿಥೀನ್ ಚೀಲದ ಬಾಯಿಯನ್ನು ಮೇಣಬತ್ತಿಯ ಉರಿಗೆ ಹಿಡಿದು ಮುಚ್ಚುವುದನ್ನು ಕಲಿತು ಆಯಿಗೆ ಕಲಿಸಿದೆನು. ಎಣ್ಣೆ ತಾಗಬಾರದೆಂದು ಚೀಟಿಯನ್ನು ಚೀಲದ ಮೇಲ್ಭಾಗದಲ್ಲಿ ಮಡಚಿ ಪಿನ್ನು ಹೊಡೆಯುವಂತೆ ಮಾಡಿದೆನು. ಕಟ್ಟಿಗೆಯ ಚೌಕಟ್ಟಿಗೆ ಜಾಲರಿ ಬಟ್ಟೆ ಬಿಗಿದು, ರಬ್ಬರಿನ ಪಟ್ಟಿಯಿಂದ ಮಸಿಯೆಳೆದು, ಸ್ಕ್ರೀನ್ ಮುದ್ರಣದಲ್ಲಿ ಬಣ್ಣಕ್ಕೆ ಮುನ್ನೂರರಂತೆ ಚೀಟಿಗಳನ್ನು ನನ್ನ ಕೋಣೆಯಲ್ಲಿಯೇ ತೆಗೆದೆನು. ಒಣಗಲು ದಾರಕ್ಕೆ ತೂಗುಹಾಕಿದ ಆ ಕೆಂಪು, ಹಳದಿ, ನೀಲಿ ಚೀಟಿಗಳನ್ನು ನೋಡಲು ನೆರೆಯ ಅಂಗಡಿಯವರು ಬಂದರು. ನನ್ನ ಅಂಗಡಿಯಲ್ಲಿ ಏನು ಸಿಗುತ್ತದೆಂಬುದು ಅವರಿಗೆ ತಿಳಿದದ್ದು ಆ ದಿನ.

ಕೆಲಸ ಮುಗಿದ ಮೇಲೆ ಆಯಿ, "ಇದಕ್ಕ ಎಷ್ಟು?" ಎಂದಳು. ಏನೂ ಬೇಡವೆಂದೆನು. ಆಕೆ ಒಪ್ಪಲಿಲ್ಲ. "ಬಿಟ್ಟಿ ಮಾಡಿದ್ದು ಕೆಟ್ಟರ ಯಾರನ್ನ ಕೇಳಬೇಕೋ? ರೊಕ್ಕ ತಗೋ. ತಗೊಂಡರ ಬೈಯಾಕ ಬರ್ತೈತಿ ನನಗ" ಎಂದು ನಕ್ಕಳು. ಎಪ್ಪತ್ತೈದು ರೂಪಾಯಿ ಎಂದು ಬಾಯಿಗೆ ಬಂದದ್ದು ಹೇಳಿದೆನು. ನಲವತ್ತಾರು ಬಾಕಿ ಕಳೆದು, ಎಲೆಯಡಿಕೆಯ ಸಂಚಿಯಿಂದ ಇಪ್ಪತ್ತೊಂಬತ್ತು ರೂಪಾಯಿ ಎಣಿಸಿ ಕೊಟ್ಟಳು. ಹಿರಿಯ ಮುದ್ರಕರ ಮಾತು ನೆನಪಾಯಿತು. ವಿಚಾರಕ್ಕೆ ಯಾರೂ ಹಣ ಕೊಡುವುದಿಲ್ಲವೆಂದಿದ್ದರು. ಅಕ್ಷರ ಬಾರದ ಒಬ್ಬ ಹೆಣ್ಣುಮಗಳು ಕೊಟ್ಟಿದ್ದಳು.

ಆ ಪೊಟ್ಟಣಗಳು ನನ್ನ ಐನೂರು ಕರಪತ್ರಗಳು ಮಾಡದ ಕೆಲಸ ಮಾಡಿದವು. ನೋಡಿದವರೊಬ್ಬರು ಹಪ್ಪಳದ ಚೀಟಿ ಕೇಳಿಕೊಂಡು ಬಂದರು. ಊದಿನಕಡ್ಡಿ ಮಾಡುವವರೊಬ್ಬರು ಬಂದರು. ದೀಪಾವಳಿಯ ಹೊತ್ತಿಗೆ ಒಂದು ಶೇಂಗಾ ಎಣ್ಣೆ ಗಿರಣಿಯ ಸಾವಕಾರರು ಕರೆಕಳುಹಿಸಿದರು. ಐದು ಲೀಟರಿನ ತಗಡಿನ ಡಬ್ಬಿಗೆ ಮೂರು ಬಣ್ಣದ ಲೇಬಲ್, ಶಿವಕಾಶಿಯಲ್ಲಿ ಐದು ಸಾವಿರ ಪ್ರತಿ. ವಿನ್ಯಾಸಕ್ಕೆ ನನಗೆ ಮುನ್ನೂರು ರೂಪಾಯಿ. ಮುದ್ರಣಕ್ಕೆ ಅವರು ಕೊಡುವುದು ಸಾವಿರದ ಒಂಬೈನೂರು. ಮನೆಯಲ್ಲಿ ಅಂದು ಹೋಳಿಗೆಯ ಊಟ.

ನನ್ನ ಜೀವನದ ಅತ್ಯಂತ ದೊಡ್ಡ ತಪ್ಪು ಆ ಲೇಬಲ್ಲಿನಲ್ಲಾಯಿತು. ಗುಮಾಸ್ತರು ಕೊಟ್ಟ ಚೀಟಿಯಲ್ಲಿ ಬರಿಯ '5' ಎಂದು ಬರೆದಿತ್ತು. ಪೇಟೆಯಲ್ಲಿ ಬೇರೊಂದು ಎಣ್ಣೆಯ ಡಬ್ಬಿಯ ಮೇಲೆ ಕಂಡದ್ದನ್ನು ನೆನೆದು ನಾನು 'ನಿವ್ವಳ ತೂಕ 5 ಕಿ.ಗ್ರಾಂ' ಎಂದು ಬರೆದೆನು. ಗಿರಣಿಗೆ ಹೋಗಿ ಕೇಳಲಿಲ್ಲ. ಲೇಬಲ್ಲುಗಳು ಬಂದ ದಿನ ಕಟ್ಟುಗಳನ್ನು ಒಪ್ಪಿಸಲು ಹೋದಾಗ, ಆಳುಗಳು ಎಣ್ಣೆಯನ್ನು ತೂಗುತ್ತಿರಲಿಲ್ಲ, ಲೀಟರಿನ ಮಾಪಿನಿಂದ ಅಳೆದು ತುಂಬುತ್ತಿದ್ದರು. ನನ್ನ ಕೈಕಾಲು ತಣ್ಣಗಾದವು. ಎಣ್ಣೆ ನೀರಿಗಿಂತ ಹಗುರ. ಐದು ಲೀಟರ್ ಶೇಂಗಾ ಎಣ್ಣೆಯ ತೂಕ ಸುಮಾರು ನಾಲ್ಕೂವರೆ ಕಿಲೋ ಮಾತ್ರ. ನನ್ನ ಲೇಬಲ್ ಹಚ್ಚಿದ ಪ್ರತಿಯೊಂದು ಡಬ್ಬಿಯೂ ಕೊಳ್ಳುವವನಿಗೆ ಅರ್ಧ ಕಿಲೋದಷ್ಟು ಸುಳ್ಳು ಹೇಳುತ್ತಿತ್ತು. ಇನ್ನೂರು ಡಬ್ಬಿಗಳಿಗೆ ಆಗಲೇ ಹಚ್ಚಿದ್ದರು. ಒಂದೂ ಹೊರಗೆ ಹೋಗಿರಲಿಲ್ಲ.

ಯಾರೂ ಗಮನಿಸಿರಲಿಲ್ಲ. ಸಾವಕಾರರು ಬಣ್ಣ ನೋಡಿ ಮೆಚ್ಚಿ ಉಳಿದ ಹಣ ಕೊಟ್ಟಿದ್ದರು. ನಾನು ಸುಮ್ಮನಿದ್ದರೆ, ಮುಂದೆ ಇಲಾಖೆಯವರು ಹಿಡಿದರೂ, ಚೀಟಿಯಲ್ಲಿ '5' ಎಂದಷ್ಟೇ ಇತ್ತೆಂದು ಗುಮಾಸ್ತರ ಮೇಲೆ ಹಾಕಬಹುದಾಗಿತ್ತು. ಆ ರಾತ್ರಿ ನಿದ್ರೆ ಬರಲಿಲ್ಲ. ಧರ್ಮವಿಚಾರ ಮಾಡಿ ಎದ್ದೆನೆಂದು ಹೇಳಿದರೆ ಅದು ಆತ್ಮಸ್ತುತಿಯಾದೀತು. ನನಗೆ ಕೇಳಿಸುತ್ತಿದ್ದುದು ಆಯಿಯ ಮಾತು: ಹಣ ತೆಗೆದುಕೊಂಡವನನ್ನು ಬೈಯಲು ಬರುತ್ತದೆ. ನಾನು ಹಣ ತೆಗೆದುಕೊಂಡಿದ್ದೆನು.

ಮುಂಜಾನೆ ಗಿರಣಿಗೆ ಹೋಗಿ, "ಸಾವಕಾರ್ರ, ತಪ್ಪಾಗೇತ್ರಿ, ನನ್ನದ ತಪ್ಪು. ಲೇಬಲ್ ಹಚ್ಚಬ್ಯಾಡ್ರಿ, ನನ್ನ ಖರ್ಚಿನಾಗ ಮತ್ತ ತರಸಿ ಕೊಡ್ತೀನಿ" ಎಂದೆನು. ಕಥೆಗಳಲ್ಲಿ ಇಂಥ ಕಡೆ ಯಜಮಾನರು ಬೆನ್ನು ತಟ್ಟುತ್ತಾರೆ. ಇವರು ತಟ್ಟಲಿಲ್ಲ. ಆಳುಗಳ ಮುಂದೆ ಬಾಯಿಗೆ ಬಂದಂತೆ ಬೈದರು. ಹಬ್ಬದ ವ್ಯಾಪಾರ ಕೆಟ್ಟಿತೆಂದರು. ಬೈಗುಳ ನ್ಯಾಯವಾದದ್ದೇ ಆಗಿತ್ತು. ಹೊಸ ಲೇಬಲ್ಲು ಬಂದು ಮುಟ್ಟಿದ ದಿನ, "ಇನ್ನ ಈ ಕಡೆ ಬರಬ್ಯಾಡ" ಎಂದು ಕಳುಹಿಸಿದರು.

ಆ ಸಾವಿರದ ಒಂಬೈನೂರು ರೂಪಾಯಿ ಎಲ್ಲಿಂದ ಬಂದಿತೆಂಬುದನ್ನು ಹೇಳಲೇಬೇಕು. ಒತ್ತೆಯಿಟ್ಟ ಬೋರಮಾಳದ ಮೇಲೆ ಇನ್ನಷ್ಟು ಸಾಲ ತೆಗೆದೆನು. ಬಡ್ಡಿ ಬೆಳೆಯಿತು. 1985ರಲ್ಲಿ ಅದನ್ನು ಬಿಡಿಸಲಾಗದೆ ಮಾರಿಬಿಡಬೇಕಾಯಿತು. ಅವ್ವನಿಗೆ ಕೊಟ್ಟ ಮಾತು ಮುರಿದೆನು. ಆಕೆ, "ಕೊರಳಾಗಿದ್ದರ ಕಳ್ಳರ ಅಂಜಿಕಿ, ಈಗ ಅದೂ ಇಲ್ಲ ಬಿಡು" ಎಂದು ಹೇಳಿ ನೀರು ತರಲು ಹೋದಳು. ಕೈಯಲ್ಲಿ ನಾಲ್ಕು ಕಾಸಾಡತೊಡಗಿದ ಮೇಲೆ ಅಂಥದೇ ಒಂದನ್ನು ಮಾಡಿಸಿ ಕೊಡಬೇಕೆಂದು ವರ್ಷವರ್ಷವೂ ಅಂದುಕೊಳ್ಳುತ್ತಿದ್ದೆನು. ತಂಗಿಯ ಮದುವೆಯಾಯಿತು, ಅಂಗಡಿ ದೊಡ್ಡದಾಯಿತು, ಯಾವುದೋ ಒಂದು ಖರ್ಚು ಅಡ್ಡ ಬರುತ್ತಿತ್ತು. 1991ರಲ್ಲಿ ಅವ್ವ ತೀರಿಕೊಂಡಳು. ನಾನು ಮಾಡಿಸಿ ಕೊಟ್ಟಿರಲಿಲ್ಲ. ಸ್ವಂತ ಉದ್ಯೋಗದ ಹಿರಿಮೆಯನ್ನು ಹೊಗಳುವವರು ಇಂಥ ಲೆಕ್ಕಗಳನ್ನು ಮುಚ್ಚಿಡುತ್ತಾರೆ. ವಿದ್ಯಾರ್ಥಿಗಳಿಗೆ ಹೇಳುವಾಗ ಮುಚ್ಚಿಡಬಾರದೆಂದು ನನ್ನ ಎಣಿಕೆ.

ಗಿರಣಿಯ ಪ್ರಸಂಗವಾಗಿ ನಾಲ್ಕು ತಿಂಗಳ ಮೇಲೆ ಕೃಷಿ ಮಾರುಕಟ್ಟೆಯ ಒಬ್ಬ ಬೀಜದ ವ್ಯಾಪಾರಿ ಬಂದು ಹತ್ತಿಬೀಜದ ಚೀಲಕ್ಕೆ ಗುರುತು ಬೇಕೆಂದರು. ನನ್ನ ಹೆಸರು ಯಾರು ಹೇಳಿದರೆಂದು ಕೇಳಿದೆನು. ಅದೇ ಸಾವಕಾರರು! "ಆ ಹುಡುಗ ತಪ್ಪು ಮಾಡತಾನ, ಆದರ ಮಾಡಿದ್ದನ್ನ ತಾನ ಬಂದು ಹೇಳತಾನ" ಎಂದಿದ್ದರಂತೆ. ಅರ್ಧ ಹೊಗಳಿಕೆ, ಅರ್ಧ ಬೈಗುಳ. ಅದರ ಮೇಲೆ ನನ್ನ ಅಂಗಡಿ ನಿಂತಿತು. ಮರುವರ್ಷ ಶ್ರಾವಣದಲ್ಲಿ ಸಾವಕಾರರು ತಾವೇ ಕರೆಸಿದರು. ಆ ಬಳಿಕ ಇಪ್ಪತ್ತು ವರ್ಷ ಅವರ ಗಿರಣಿಯ ಕೆಲಸ ಬೇರೆಯವರ ಕೈಗೆ ಹೋಗಲಿಲ್ಲ.

ಎಲ್ಲ ಸತ್ಯಕ್ಕೂ ಹೀಗೆ ಫಲ ಸಿಗುತ್ತದೆಂದು ಹೇಳಲಾರೆನು. ಒಬ್ಬರು ಪ್ರಸಿದ್ಧ ಸಾಬೂನಿನ ಗುರುತನ್ನೇ ಅಷ್ಟಿಷ್ಟು ತಿದ್ದಿ ತಮಗೆ ಮಾಡಿಕೊಡಬೇಕೆಂದು ಕೇಳಿದರು. ಇನ್ನೊಬ್ಬರ ಗುರುತನ್ನು ಹೋಲುವಂತೆ ಮಾಡಿ ಕೊಳ್ಳುವವರ ಕಣ್ಣು ತಪ್ಪಿಸುವುದು ಕಾನೂನಿಗೆ ವಿರುದ್ಧ. ಗುರುತುಗಳ ರಕ್ಷಣೆಗಾಗಿ 1958ರ ಕಾಯಿದೆ ಆಗ ಜಾರಿಯಲ್ಲಿತ್ತು. ನಾನು ಒಲ್ಲೆನೆಂದೆನು. ಅವರು ಬೇರೆ ಕಡೆ ಮಾಡಿಸಿಕೊಂಡು, ಚೆನ್ನಾಗಿಯೇ ವ್ಯಾಪಾರ ಮಾಡಿ, ಮನೆ ಕಟ್ಟಿಸಿದರು. ಆ ಗಿರಾಕಿ ಹೋದದ್ದು ಹೋದದ್ದೇ.

ಆ ಮೊದಲ ಎರಡು ವರ್ಷ ಕಲಿಸಿದ ಕೆಲವು ವ್ಯವಹಾರದ ಮಾತುಗಳನ್ನು ಇಲ್ಲಿ ಸೇರಿಸುತ್ತೇನೆ. ನಮ್ಮ ಪೇಟೆಗೆ ಅದರದೇ ಋತುಮಾನವಿದೆ. ಶೇಂಗಾ, ಹತ್ತಿಯ ಆವಕದ ಕಾಲದಲ್ಲಿ ವ್ಯಾಪಾರಿಯ ಕೈಯಲ್ಲಿ ಹಣವಿರುತ್ತದೆ, ವೇಳೆಯಿರುವುದಿಲ್ಲ. ಶ್ರಾವಣದಲ್ಲಿ ವೇಳೆಯಿರುತ್ತದೆ, ಹಣವಿರುವುದಿಲ್ಲ. ಆದ್ದರಿಂದ ಕೆಲಸವನ್ನು ಶ್ರಾವಣದಲ್ಲಿ ತೋರಿಸಿ ದೀಪಾವಳಿಗೆ ಹಣ ಕೇಳಬೇಕು. ಅರ್ಧ ಹಣವನ್ನು ಮೊದಲೇ ಪಡೆಯಬೇಕು. ಕೊಡಲು ಒಪ್ಪದವರು ಕಡೆಗೂ ಕೊಡುವುದು ಕಷ್ಟ. ಮುದ್ರಣಕ್ಕೆ ಕೊಡುವ ಮುನ್ನ ಕರಡಿನ ಮೇಲೆ ಗಿರಾಕಿಯ ಸಹಿ ಹಾಕಿಸಬೇಕು. ಸಹಿಗಿಂತ ಮೊದಲು ಹೆಸರು, ವಿಳಾಸ, ತೂಕ, ಬೆಲೆ ಇವುಗಳನ್ನು ಅವರ ಮುಂದೆ ಗಟ್ಟಿಯಾಗಿ ಓದಬೇಕು. ವಸ್ತು ತಯಾರಾಗುವ ಜಾಗಕ್ಕೆ ಒಮ್ಮೆಯಾದರೂ ಹೋಗಿ ನಿಂತು ನೋಡದೆ ಕುಂಚ ಹಿಡಿಯಬಾರದು. ಈ ಕಡೆಯ ಮಾತಿಗೆ ನಾನು ಕೊಟ್ಟ ಬೆಲೆಯನ್ನು ಮೇಲೆ ಹೇಳಿಯಾಗಿದೆ.

ಕಾಲ ಬದಲಾಯಿತು. 1990ರ ದಶಕದಲ್ಲಿ ಗಣಕಯಂತ್ರಗಳು ಬಂದವು. ಸೀಸದ ಮೊಳೆಗಳು ತೂಕದ ಲೆಕ್ಕದಲ್ಲಿ ಮೋಡಕಾಗೆ ಹೋದವು. ಆಮೇಲೆ ಫ್ಲೆಕ್ಸ್ ಬಂದು ಬೋರ್ಡು ಬರೆಯುವವರ ಕುಂಚಗಳನ್ನು ಕಸಿದುಕೊಂಡಿತು. ಪ್ಲಾಸ್ಟಿಕ್ ವಸ್ತುಗಳೊಡನೆ ಅದನ್ನೂ ಕರ್ನಾಟಕ ಸರಕಾರವು 2016ರಲ್ಲಿ ನಿಷೇಧಿಸಿತು. ನಾನೂ ನಲವತ್ತರ ವಯಸ್ಸಿನಲ್ಲಿ ಮಕ್ಕಳ ಜೊತೆ ಕುಳಿತು ಗಣಕಯಂತ್ರ ಕಲಿತೆನು. ಈಗ ಜನರು, "ಮೊಬೈಲಿನಾಗ ಪುಕ್ಕಟೆ ಆಗತೈತಿ, ನಿನಗ್ಯಾಕ ಕೊಡಬೇಕು?" ಎಂದು ಆ ತರುಣನನ್ನು ಕೇಳುತ್ತಾರಂತೆ. ಹಿರಿಯ ಮುದ್ರಕರು ಹೇಳಿದ ಮಾತು ಹೊಸ ಅಂಗಿ ತೊಟ್ಟು ಬಂದಿದೆ, ಅಷ್ಟೆ.

ಕೆಲವು ದಿನಗಳ ಮೇಲೆ ಅವನನ್ನು ಕರೆಸಿ ಹೇಳಿದೆನು: "ತಮ್ಮಾ, ಅಂಗಡಿಯಾಗ ಕುಂದ್ರಬ್ಯಾಡ. ನಿಮ್ಮ ಓಣಿಯಾಗ ರೊಟ್ಟಿ, ಚಟ್ನಿಪುಡಿ, ಶಾವಗಿ ಮಾಡಿ ಮಾರೋ ಸ್ವಸಹಾಯ ಸಂಘದ ಹೆಣ್ಣಮಕ್ಕಳು ಎಷ್ಟು ಮಂದಿ ಅದಾರ, ನೋಡಿ ಬಾ." ಇಂದು ಪೊಟ್ಟಣದ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ ಹದಿನಾಲ್ಕು ಅಂಕಿಗಳ ಸಂಖ್ಯೆ ಇರಬೇಕು, ಸಸ್ಯಾಹಾರದ ಹಸಿರು ಗುರುತಿರಬೇಕು, ತೂಕ, ಬೆಲೆ, ದಿನಾಂಕಗಳಿರಬೇಕು. ಇದಾವುದೂ ಆ ಹೆಣ್ಣುಮಕ್ಕಳಲ್ಲಿ ಅನೇಕರಿಗೆ ತಿಳಿಯದು. ಮೊಬೈಲು ಚಿತ್ರವನ್ನು ಪುಕ್ಕಟೆ ಕೊಟ್ಟೀತು. ಅವರ ಅಡಿಗೆಮನೆಯಲ್ಲಿ ನಿಂತು, ಎಣ್ಣೆ ಎಲ್ಲಿ ಒಸರುತ್ತದೆಂದು ನೋಡಿ, ಕೆಟ್ಟರೆ ಬೈಸಿಕೊಳ್ಳಲು ಸಿದ್ಧನಾಗಿ ಅದು ನಿಲ್ಲಲಾರದು. "ಅವರ ಹತ್ರ ಸ್ವಲ್ಪಾದರೂ ರೊಕ್ಕ ತಗೋ, ಬಿಟ್ಟಿ ಮಾಡಬ್ಯಾಡ" ಎಂದೂ ಹೇಳಿದೆನು. ಏಕೆಂದು ಅವನು ಕೇಳಿದನು. ಆಯಿಯ ಮಾತನ್ನು ಹೇಳಿದೆನು. ಹೋದ ವಾರ ಬಂದು ಒಂದು ಶಾವಿಗೆಯ ಪೊಟ್ಟಣ ತೋರಿಸಿದ್ದಾನೆ. ಅಕ್ಷರ ಸ್ವಲ್ಪ ಸಣ್ಣದಾಗಿದೆ. ದೂರ ನಿಂತು ಓದು ಎಂದು ಹೇಳಿ ಕಳುಹಿಸಿದ್ದೇನೆ.

ಆಯಿ ಕಾಲವಾಗಿ ಬಹಳ ವರ್ಷಗಳಾದವು. ಖಾನಾವಳಿಯನ್ನು ಈಗ ಮೊಮ್ಮಗ ನಡೆಸುತ್ತಾನೆ. ಚೀಟಿಗಳು ಹೊಳೆಯುವ ಕಾಗದದ ಮೇಲೆ ಬೇರೆಲ್ಲಿಯೋ ಮುದ್ರಣವಾಗಿ ಬರುತ್ತವೆ. ಆದರೂ ಶೇಂಗಾಕ್ಕೆ ಕೆಂಪು ಕಾಯಿ, ಗುರೆಳ್ಳಿಗೆ ಹಳದಿ ಹೂವು, ಅಗಸಿಗೆ ನೀಲಿ ಹೂವು ಹಾಗೆಯೇ ಇವೆ. ಅವನ್ನು ಯಾರು ಬರೆದರೆಂಬುದು ಈಗ ಅಲ್ಲಿ ಉಣ್ಣುವವರಾರಿಗೂ ತಿಳಿಯದು, ತಿಳಿಯಬೇಕಾದ ಕಾರಣವೂ ಇಲ್ಲ.